ಅಜ್ಜಿಗೆ ಗೈಡ್ ಆದ ದಿನ

 

ಹೋದ ವರ್ಷ ತೀರ್ಥಹಳ್ಳಿಯಿಂದ ನಮ್ಮ ಅಜ್ಜಿ ಬಂದಿದ್ದರು. ಎರಡು ತಿಂಗಳಾದರೂ ನಾನು ಅವರ ಹತ್ತಿರ ಆಡಿದ್ದು ಮೂರೇ ಮಾತು. "ಊಟ ಆಯ್ತಾ ಅಜ್ಜಿ", "ಚೆನ್ನಾಗಿದ್ದೀನಿ ಅಜ್ಜಿ", "ಹೋಂವರ್ಕ್ ಇದೆ ಅಜ್ಜಿ". ಮೂರನೆಯದು ಕೆಲವು ಸಲ ಸುಳ್ಳು.

ಬೇಸಿಗೆ ರಜೆಯಲ್ಲಿ ಲಾಸ್ ಏಂಜಲೀಸ್‌ನ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಹೋದೆವು. ಅಪ್ಪ, ಅಮ್ಮ ತಮ್ಮನ ಜೊತೆ ಹ್ಯಾರಿ ಪಾಟರ್ ಕಡೆಗೆ ಹೋದರು. ಸ್ಟುಡಿಯೋ ತೋರಿಸುವ ಟ್ರಾಮ್ ಹತ್ತಿದ್ದು ಅಜ್ಜಿ, ನಾನು ಇಬ್ಬರೇ. ಅಲ್ಲಿ ಸ್ಪ್ಯಾನಿಷ್, ಮ್ಯಾಂಡರಿನ್ ಭಾಷೆಗಳಲ್ಲೂ ಟೂರ್ ಇದೆ. ಕನ್ನಡದಲ್ಲಿ ಇಲ್ಲ. ಹಾಗಾಗಿ ಸುಮಾರು ಒಂದು ಗಂಟೆ ಆ ಕೆಲಸ ನನ್ನದಾಯಿತು.

ಯೂನಿವರ್ಸಲ್ ಸಂಸ್ಥೆಯ ಕಾರ್ಲ್ ಲೆಮ್ಲಿ 1915ರಲ್ಲೇ 25 ಸೆಂಟ್ ತೆಗೆದುಕೊಂಡು ಜನರನ್ನು ಶೂಟಿಂಗ್ ನೋಡಲು ಬಿಡುತ್ತಿದ್ದರು. ಚಿತ್ರಗಳಿಗೆ ಧ್ವನಿ ಇರಲಿಲ್ಲವಲ್ಲ, ಜನ ಎಷ್ಟು ಕೂಗಿದರೂ ತೊಂದರೆಯಿಲ್ಲ! ಧ್ವನಿ ಬಂದ ಮೇಲೆ ಅದು ನಿಂತುಹೋಯಿತು. ಈಗಿನ ಟ್ರಾಮ್ ಟೂರ್ ಶುರುವಾದದ್ದು 1964ರಲ್ಲಿ. ಇಷ್ಟು ಹೇಳುವಷ್ಟರಲ್ಲೇ ನನಗೆ ಬೆವರು. ನಾನು "ಸೈಲೆಂಟ್ ಫಿಲಂ" ಅಂದರೆ ಅಜ್ಜಿ "ಮೂಕಿ ಚಿತ್ರ ಅನ್ನೇ" ಎಂದು ತಿದ್ದುತ್ತಿದ್ದರು.

'ಬ್ಯಾಕ್ ಟು ದಿ ಫ್ಯೂಚರ್' ಚಿತ್ರದ ಗಡಿಯಾರದ ಕಟ್ಟಡ ಬಂತು. ಅಂಗಡಿ, ಮನೆ, ಬೀದಿ ಎಲ್ಲ ಇವೆ. ಆದರೆ ಎಷ್ಟೋ ಕಟ್ಟಡಗಳ ಹಿಂದೆ ಬರೀ ಆಸರೆಯ ಕಂಬಗಳು. ಗೈಡ್ ಅದನ್ನು "ಫಸಾಡ್" ಅಂದರು. ನನಗೆ ಕನ್ನಡ ಹೊಳೆಯಲಿಲ್ಲ. "ಅಜ್ಜಿ, ಮನೆ ಇದೆ... ಆದರೆ ಮನೆ ಇಲ್ಲ" ಅಂದೆ.

ಅಜ್ಜಿ ನಕ್ಕರು. "ಎದುರಿನ ಗೋಡೆ ಮಾತ್ರ ಕಟ್ಟಿದ್ದಾರೆ ಅಂದ್ರೆ ಆಯ್ತಲ್ಲ ಪುಟ್ಟಿ!"

ನಾನು ನಗಲಿಲ್ಲ. ಹತ್ತು ವರ್ಷ ಕನ್ನಡ ಶಾಲೆಗೆ ಬಂದು ನಾನು ಕಟ್ಟಿದ್ದೂ ಎದುರಿನ ಗೋಡೆ ಮಾತ್ರವೇನೋ ಅನ್ನಿಸಿತು. (ಮೇಡಂ, ತಪ್ಪು ನಿಮ್ಮದಲ್ಲ.)

ಮುಂದೆ ಒಂದು ಬೀದಿಯಲ್ಲಿ ಇದ್ದಕ್ಕಿದ್ದಂತೆ ಪ್ರವಾಹ ನುಗ್ಗಿತು. ನಾನು ಕಿರುಚಿದೆ. ಅಜ್ಜಿ, "ಇದೆಂತ ನೀರು, ಮಳೆಗಾಲದಲ್ಲಿ ತುಂಗೆ ನೋಡ್ಬೇಕು" ಅಂದರು. ಆಮೇಲೆ ಚೂರುಚೂರಾಗಿ ಬಿದ್ದ ವಿಮಾನ. ಸ್ಪೀಲ್‌ಬರ್ಗ್ ಅವರ 2005ರ 'ವಾರ್ ಆಫ್ ದಿ ವರ್ಲ್ಡ್ಸ್' ಚಿತ್ರಕ್ಕಾಗಿ ನಿಜವಾದ ಹಳೆಯ ಬೋಯಿಂಗ್ 747 ಕೊಂಡು ಒಡೆದದ್ದು ಎಂದು ಹೇಳಿದೆ.

"ನಮ್ಮ ಆಗುಂಬೆಲಿ ಎಂತದೂ ಒಡೀಲಿಲ್ಲಪ್ಪ" ಅಂದರು ಅಜ್ಜಿ. "ಶಂಕರ್ ನಾಗ್ ಮಾಲ್ಗುಡಿ ಡೇಸ್ ತೆಗೆದದ್ದು ದೊಡ್ಡಮನೆಲಿ. ಜನ ಇರೋ ಮನೆ ಅದು."

"ನೀವು ನೋಡಿದ್ರಾ ಅಜ್ಜಿ?"

ನಾನಾಗಿಯೇ ಅವರನ್ನು ಕೇಳಿದ ಮೊದಲ ಪ್ರಶ್ನೆ ಅದು. ಅಜ್ಜ ಅಜ್ಜಿ ಬಸ್ಸಿನಲ್ಲಿ ಆಗುಂಬೆಗೆ ಹೋಗಿದ್ದರಂತೆ. ಒಬ್ಬ ಹುಡುಗ ಅದೇ ಓಟವನ್ನು ಮತ್ತೆ ಮತ್ತೆ ಓಡುತ್ತಿದ್ದನಂತೆ. ಅಜ್ಜಿಯ ಕಂಕುಳಲ್ಲಿದ್ದ ಮಗು ಹಸಿವೆಗೆ ಎಷ್ಟು ಅತ್ತಿತೆಂದರೆ ಅರ್ಧಕ್ಕೇ ವಾಪಸ್ ಬರಬೇಕಾಯಿತು. ಆ ಮಗು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದೆ. ಅಪ್ಪ, ಕೈ ಎತ್ತಿ!

ಆಮೇಲೆ ಗೈಡ್ ಏನು ಹೇಳಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಟ್ರಾಮ್ ನಿಂತ ಮೇಲೂ ಬೆಂಚಿನಲ್ಲಿ ಕೂತು ಅಜ್ಜಿ ಹೇಳುತ್ತಲೇ ಇದ್ದರು. ಅರ್ಥವಾಗದ ಪದ ಬಂದಾಗೆಲ್ಲ ನಿಲ್ಲಿಸಿ ಕೇಳಿದೆ.

ಜುಲೈನಲ್ಲಿ ಊರಿಗೆ ಹೋಗುತ್ತಿದ್ದೇವೆ. ಈ ಸಲ ಆಗುಂಬೆಯಲ್ಲಿ ಅಜ್ಜಿಯೇ ಗೈಡ್. ತಮ್ಮನಿಗೆ ಅರ್ಥವಾಗದಿದ್ದರೆ ಅನುವಾದಕ್ಕೆ ನಾನಿದ್ದೇನೆ.