ಕೂಡ್ರುವ ವಯಸ್ಸು ಯಾವುದು?



ಗದಗದಿಂದ ಲಕ್ಷ್ಮೇಶ್ವರಕ್ಕೆ ಹೊರಟ ಬಸ್ಸನ್ನು ನೆನಪಿಗೆ ತಂದುಕೊಳ್ಳಿ. ಡ್ರೈವರು ಸೀಟು ಬಿಟ್ಟು ಏಳುವಂತಿಲ್ಲ, ಕಂಡಕ್ಟರಿಗೆ ಕೂಡ್ರಲು ಪುರುಸೊತ್ತಿಲ್ಲ. ಇಬ್ಬರಿಗೂ ಅದೇ ರಸ್ತೆ, ಅದೇ ಧೂಳು, ಹೆಚ್ಚುಕಡಿಮೆ ಅದೇ ಪಗಾರ. ಒಬ್ಬರು ದಿನವಿಡೀ ಕೂತಿರುತ್ತಾರೆ, ಇನ್ನೊಬ್ಬರು ಓಡಾಡುತ್ತಾರೆ. ಫರಕು ಅಷ್ಟೇ. ಅಷ್ಟು ಫರಕಿನಿಂದ ಮನುಷ್ಯನ ಎದೆಗೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರು ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್. ಲಂಡನ್ ಸಾರಿಗೆಯ 35ರಿಂದ 64 ವರ್ಷದ ಸುಮಾರು 31,000 ಗಂಡಸರ ಆರೋಗ್ಯದ ದಾಖಲೆಗಳನ್ನು ಅವರು ತೆರೆದು ನೋಡಿದರು. ಅಲ್ಲಿಯದು ಎರಡಂತಸ್ತಿನ ಬಸ್ಸು. ಟಿಕೆಟು ಕೊಡಲು ಕಂಡಕ್ಟರು ದಿನಕ್ಕೆ ಐದುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಿದ್ದ. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಡ್ರೈವರುಗಳಿಗಿಂತ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ. ಬಂದರೂ ತಡವಾಗಿ ಬರುತ್ತದೆ, ಬಂದೊಡನೆ ಪ್ರಾಣ ಬಿಡುವವರೂ ಕಡಿಮೆ.

ಮೈದಣಿವಿಗೂ ಆರೋಗ್ಯಕ್ಕೂ ಸಂಬಂಧವಿದೆ ಎಂಬುದು ಅದಕ್ಕಿಂತ ಬಹಳ ಹಳೆಯ ತಿಳಿವಳಿಕೆ. ಗದಗಿನ ಡಿ.ಜಿ. ಮೇಲ್ಮಾಳಗಿ ಆಯುರ್ವೇದ ಕಾಲೇಜಿನಂಥ ಕಡೆ ಓದುವ ವಿದ್ಯಾರ್ಥಿಗಳಿಗೆ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನ ಪಠ್ಯದ ಭಾಗ. ಅಲ್ಲಿ ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕು, ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಇವನ್ನೆಲ್ಲ ನೋಡಿಕೊಂಡು ಮಾಡಬೇಕು ಎಂದಿದೆ. ಪ್ರಮೇಹಿಗೆ, ಅಂದರೆ ಸಕ್ಕರೆ ಕಾಯಿಲೆಯಂಥ ರೋಗವಿರುವವನಿಗೆ, ಹೇಳಿದ ಚಿಕಿತ್ಸೆಯನ್ನಂತೂ ಇಂದಿನ ಸಕ್ಕರೆ ಕಾಯಿಲೆಯ ವೈದ್ಯರೂ ಒಮ್ಮೆ ಓದಬೇಕು. ಹಣವಿಲ್ಲದವನು ಕೊಡೆ, ಪಾದರಕ್ಷೆ ಇಲ್ಲದೆ ನೂರು ಯೋಜನ ನಡೆಯಲಿ ಅಥವಾ ಬಾವಿ ತೋಡಲಿ ಎನ್ನುವ ಸುಶ್ರುತ, ಸೊರಗಿದ ರೋಗಿಯನ್ನು ಮಾತ್ರ ಸದಾ ಕಾಪಾಡಬೇಕು ಎಂದು ಎಚ್ಚರಿಸುತ್ತಾನೆ. ಕಾಯಿಲೆ ಒಂದೇ ಆದರೂ ಒಬ್ಬನಿಗೆ ದುಡಿಮೆ, ಇನ್ನೊಬ್ಬನಿಗೆ ವಿಶ್ರಾಂತಿ. ಈ ಮಾತನ್ನು ಹಿಡಿದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾರಿಸ್ ಅವರ ಲೆಕ್ಕಕ್ಕೆ ಒಂದು ದೊಡ್ಡ ತಕರಾರು ಬಂತು, ಅದನ್ನು ಎತ್ತಿದವರೂ ಅವರ ತಂಡದವರೇ. ಸಾರಿಗೆ ಸಂಸ್ಥೆ ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರೆ ಡ್ರೈವರುಗಳ ಪ್ಯಾಂಟಿನ ಸೊಂಟ ಎಲ್ಲ ವಯಸ್ಸಿನಲ್ಲೂ ದೊಡ್ಡದಿತ್ತು. ಹಾಗಾದರೆ ಕೂತು ಮಾಡುವ ಕೆಲಸದಿಂದ ಮೈ ಬಂತೋ, ಮೈ ಬರುವಂಥವರೇ ಆ ಕೆಲಸಕ್ಕೆ ಸೇರಿದರೋ? 1956ರಲ್ಲಿ ಇದನ್ನೂ ಮುಚ್ಚಿಡದೆ ಪ್ರಕಟಿಸಿದರು. ಆ ಪ್ರಾಮಾಣಿಕತೆಯಿಂದಲೇ ಈ ವಿಜ್ಞಾನ ಮುಂದೆ ಹೋಯಿತು ಎಂದು ನನ್ನ ನಂಬಿಕೆ.

ಅದೇ 1956ರಲ್ಲಿ ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ 213 ಕಾರ್ಮಿಕರನ್ನು ಕುರಿತ ಅಧ್ಯಯನವನ್ನು ಜೀನ್ ಮೇಯರ್ ಮತ್ತು ಸಂಗಡಿಗರು ಪ್ರಕಟಿಸಿದರು. ಭಾರ ಹೊರುವವರು ಹೆಚ್ಚು ಉಣ್ಣುತ್ತಿದ್ದರು, ಅದು ಸಹಜ. ಆದರೆ ಅಂಗಡಿಯಲ್ಲಿ, ಕಚೇರಿಯಲ್ಲಿ ಕೂತಿರುವವರೂ ಹಗುರ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿದ್ದರು, ತೂಕವೂ ಅವರದೇ ಹೆಚ್ಚು. ಓಡಾಟ ತೀರಾ ಕಡಿಮೆಯಾದರೆ ಹಸಿವಿನ ಲೆಕ್ಕವೇ ತಪ್ಪುತ್ತದೆ ಎಂದು ಅವರು ತೀರ್ಮಾನಿಸಿದರು. ಬೆಟಗೇರಿಯ ನೇಕಾರ ಓಣಿಗಳಲ್ಲಿ ಇದು ಪರದೇಶದ ಸುದ್ದಿ ಅನ್ನಿಸಲಿಕ್ಕಿಲ್ಲ. ಕೈಮಗ್ಗದಲ್ಲಿ ಕಾಲು ಹಲಗೆ ತುಳಿಯಬೇಕು, ಕೈ ಲಾಳಿ ಹಾರಿಸಬೇಕು. ವಿದ್ಯುತ್ ಮಗ್ಗಕ್ಕೆ ಕಾವಲು ಸಾಕು. ಹೊಲದಲ್ಲಿ ಗಳೆ ಹೋಗಿ ಟ್ರ್ಯಾಕ್ಟರು ಬಂತು, ಮನೆಯಲ್ಲಿ ಬೀಸುವ ಕಲ್ಲು ಹೋಗಿ ಗಿರಣಿ ಬಂತು. ಹೊಲಕ್ಕೆ ಹೋಗುವುದೂ ಈಗ ಬೈಕಿನ ಮೇಲೆ. ಇವೆಲ್ಲ ಬಂದದ್ದು ಒಳ್ಳೆಯದೇ. ಮುಂಜಾನೆ ನಾಲ್ಕಕ್ಕೆ ಎದ್ದು ಜೋಳ ಬೀಸಿದ ಹೆಣ್ಣುಮಕ್ಕಳ ತೋಳುನೋವನ್ನು ಮರಳಿ ತರಬೇಕೆಂದು ಯಾರೂ ಬಯಸಬಾರದು.

ಕೆಲಸವೋ, ಮೈಕಟ್ಟೋ ಎಂಬ ತಕರಾರು ಬಗೆಹರಿಯಬೇಕಾದರೆ ನೋಡಿದರೆ ಸಾಲದು, ಮಾಡಿ ನೋಡಬೇಕು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ಅವರ ದೇಹ ಆಮ್ಲಜನಕವನ್ನು ಬಳಸುವ ಶಕ್ತಿ ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದಾಗ ಸಂಶೋಧಕರಿಗೇ ಅಚ್ಚರಿ ಕಾದಿತ್ತು. ಮೂವತ್ತು ವರ್ಷದ ವಯಸ್ಸು ಮಾಡಿದ್ದಕ್ಕಿಂತ ಹೆಚ್ಚಿನ ಹಾನಿಯನ್ನು ಮೂರು ವಾರದ ಹಾಸಿಗೆ ಮಾಡಿತ್ತು! ಐವತ್ತರ ಆ ಗಂಡಸರು ಆರು ತಿಂಗಳು ನಡೆದು, ಓಡಿ, ಸೈಕಲ್ ತುಳಿದಾಗ ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆದರು. ವಯಸ್ಸಿನ ಮೇಲೆ ನಾವು ಹೊರಿಸುವ ಎಷ್ಟೋ ತಪ್ಪು ಕೂಡ್ರುವುದರದ್ದು.

ಇಲ್ಲಿಂದ ಮುಂದೆ ಪ್ರಶ್ನೆ ವಯಸ್ಸುವಾರು ಕವಲೊಡೆಯಿತು. ಆ ಕವಲುಗಳಲ್ಲಿ ಸಿಕ್ಕ ಪುರಾವೆಯನ್ನೂ ನಮ್ಮ ಕಡೆಯ ರೂಢಿಯನ್ನೂ ಎದುರುಬದುರು ಇಟ್ಟು ನೋಡಿದರೆ ನನಗೆ ಸಂಕಟವಾಗುತ್ತದೆ. ಮೈ ಆಡಬೇಕಾದ ವಯಸ್ಸಿಗೆ ನಾವು ಕೂಡ್ರಿಸುತ್ತೇವೆ, ವಿಶ್ರಾಂತಿ ಬೇಕಾದ ಮೈಗೆ ದುಡಿತ ಹೇರುತ್ತೇವೆ.

ಮೊದಲು ಹುಡುಗಿಯರ ಮಾತು. 1995ರಲ್ಲಿ ಫಿನ್ಲೆಂಡ್‌ನ ಸಂಶೋಧಕರು ಟೆನಿಸ್ ಮತ್ತು ಸ್ಕ್ವಾಷ್ ಆಡುವ 105 ಆಟಗಾರ್ತಿಯರ ಎರಡೂ ತೋಳುಗಳ ಎಲುಬನ್ನು ಅಳೆದರು. ಬಹಳ ಜಾಣ ಉಪಾಯ ಇದು: ಆಡುವ ತೋಳೂ ಆಡದ ತೋಳೂ ಒಬ್ಬಳವೇ ಆದ್ದರಿಂದ ಊಟ, ವಂಶ, ಬಡತನ, ಸಿರಿತನದ ವ್ಯತ್ಯಾಸ ನಡುವೆ ಬರುವುದಿಲ್ಲ. ಆಡುವ ತೋಳಿನ ಎಲುಬು ಗಟ್ಟಿಯಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಮುಟ್ಟು ಶುರುವಾಗುವ ಮೊದಲೇ ಅಥವಾ ಆ ಹೊತ್ತಿಗೆ ಆಟ ಹಿಡಿದವರಿಗೆ ಆಮೇಲೆ ಹಿಡಿದವರಿಗಿಂತ ಸುಮಾರು ಎರಡು ಪಟ್ಟು ಲಾಭವಾಗಿತ್ತು. ಇನ್ನು ನಮ್ಮ ಕಡೆ? ಗರಡಿಮನೆಯ ಕೆಂಪು ಮಣ್ಣು, ಸಾಮು, ಡಂಡ, ಬೈಠಕ್ ಎಲ್ಲ ಗಂಡುಹುಡುಗರ ಪಾಲಿಗೆ. ಹುಡುಗಿಯರಿಗೆ ಇದ್ದದ್ದು ಕುಂಟಲಪಿ, ಹಗ್ಗದಾಟ. ಅದೂ ಮಗಳು ದೊಡ್ಡವಳಾದಳೆಂದರೆ ನಿಂತುಹೋಗುತ್ತದೆ. ‘ಇನ್ನ ಜಿಗದಾಡಬ್ಯಾಡ’ ಎನ್ನುವ ಅವ್ವನಿಗೆ ಮಗಳ ಮೇಲೆ ಅಕ್ಕರೆಯೇ ಇರುತ್ತದೆ. ಆದರೆ ಎಲುಬು ಗಟ್ಟಿಯಾಗುವ ಹೊತ್ತಿಗೇ ಜಿಗಿತ ನಿಲ್ಲುತ್ತದಲ್ಲ! ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಿನ ಓಡಾಟ ಬೇಕು, ವಾರಕ್ಕೆ ಮೂರು ದಿನವಾದರೂ ಎಲುಬು, ಸ್ನಾಯು ಗಟ್ಟಿಗೊಳಿಸುವ ಆಟ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಹುಡುಗ, ಹುಡುಗಿ ಎಂದು ಭೇದ ಮಾಡಿಲ್ಲ.

ನಮ್ಮ ರಾಜ್ಯದ ಮಕ್ಕಳ ಓಡಾಟವನ್ನೂ ಅಳೆಯಲಾಗಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕದ ದಾಖಲೆಗಳು ಉಳಿದಿದ್ದವು. ಅವುಗಳಿಂದ ಬೆಳೆದ ಸಂಶೋಧನೆಯ ಪರಂಪರೆಯಲ್ಲೇ ಅಲ್ಲಿಯವರು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರ ಜತೆಗೂಡಿ, ಮಕ್ಕಳ ಮೈಮೇಲೆ ಚಲನೆ ಅಳೆಯುವ ಪುಟ್ಟ ಯಂತ್ರ ಕಟ್ಟಿ ಅವರ ಓಡಾಟವನ್ನು ದಾಖಲಿಸಿದರು. ಈ ಕೆಲಸ 2009ರಲ್ಲಿ ಪ್ರಕಟವಾಯಿತು.

ನಡುವಯಸ್ಸಿನವರ ಮಟ್ಟಿಗೆ ನಮ್ಮ ದೇಶದ ಅತ್ಯಂತ ಗಟ್ಟಿ ಪುರಾವೆ ಬಂದದ್ದು ಚೆನ್ನೈಯಿಂದ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಡಾ. ಎ. ರಾಮಚಂದ್ರನ್ ಅವರ ತಂಡ ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿತು. 2006ರಲ್ಲಿ ಫಲಿತಾಂಶ ಬಂತು. ಮೂರು ವರ್ಷದಲ್ಲಿ, ವಿಶೇಷ ಸಲಹೆ ಇಲ್ಲದೆ ಬಿಟ್ಟವರಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂದಿತ್ತು. ಊಟ ತಿದ್ದಿಕೊಂಡು ನಡಿಗೆ ರೂಢಿಸಿಕೊಂಡವರಲ್ಲಿ ಸುಮಾರು 39. ಮಾತ್ರೆ ಕೊಟ್ಟ ಎರಡು ಗುಂಪುಗಳ ಫಲವೂ ಹೆಚ್ಚುಕಡಿಮೆ ಅಷ್ಟೇ. ನನಗೆ ಮೆಚ್ಚಿಗೆಯಾದದ್ದು ಇನ್ನೊಂದು ವಿವರ. ಕೆಲಸಕ್ಕಾಗಿಯೇ ದಿನಕ್ಕೆ ಅರ್ಧ ತಾಸಿಗಿಂತ ಹೆಚ್ಚು ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ, ಮೈಮುರಿದು ದುಡಿಯುವವರಿಗೆ ಹೊಸದಾಗಿ ಏನನ್ನೂ ಹೇರಲಿಲ್ಲ. ನಿಮ್ಮದನ್ನೇ ಮುಂದುವರಿಸಿ ಎಂದರು. ದುಡಿಯುವವರ ದುಡಿಮೆಗೆ ಲೆಕ್ಕದಲ್ಲಿ ಜಾಗ ಸಿಕ್ಕಿತು. 2017ರಲ್ಲಿ 17 ದೇಶಗಳ ಸುಮಾರು 1,30,000 ಜನರ ‘ಪ್ಯೂರ್’ ಅಧ್ಯಯನವೂ ಮನೆಗೆಲಸ, ಹೊಲದ ಕೆಲಸ, ನಡೆದು ಹೋಗುವ ದಾರಿ ಎಲ್ಲವೂ ಆಯುಷ್ಯಕ್ಕೆ ಒಳ್ಳೆಯದೆಂದಿತು. ಭಾರತದಿಂದ ಬೆಂಗಳೂರಿನ ಸೇಂಟ್ ಜಾನ್ಸ್ ಅದರಲ್ಲಿ ಪಾಲ್ಗೊಂಡಿತ್ತು.

ಹಾಗಾದರೆ ಮುಂಡರಗಿಯ ಹೊಲದಲ್ಲಿ ಬಿಸಿಲಿಗೆ ಬಗ್ಗಿ ಮೆಣಸಿನಕಾಯಿ ಬಿಡಿಸುವ ನಲವತ್ತರ ಹೆಣ್ಣುಮಗಳಿಗೆ ಇನ್ನೇನು ಚಿಂತೆ ಎನ್ನಬಹುದು. ಅವಸರ ಬೇಡ. 52 ದೇಶಗಳ ಹೃದಯಾಘಾತದ ರೋಗಿಗಳನ್ನು ಪರಿಶೀಲಿಸಿದ ‘ಇಂಟರ್‌ಹಾರ್ಟ್’ 2012ರಲ್ಲಿ ತೋರಿಸಿದ್ದು ಬೇರೆ. ಹಗುರ, ಮಧ್ಯಮ ದುಡಿಮೆ ಎದೆಯನ್ನು ಕಾಯುತ್ತದೆ. ಅತಿ ಭಾರದ ದುಡಿಮೆಯಲ್ಲಿ ಆ ರಕ್ಷಣೆ ಕಾಣಲಿಲ್ಲ. ದಿನಗಟ್ಟಲೆ ಬಿಡುವಿಲ್ಲದೆ ದುಡಿದರೆ ರಕ್ತದ ಒತ್ತಡ ಇಳಿಯಲು ಹೊತ್ತೇ ಸಿಗುವುದಿಲ್ಲ ಎಂಬುದು ಸಂಶೋಧಕರು ಕೊಡುವ ಒಂದು ಕಾರಣ. ವ್ಯಾಯಾಮಕ್ಕೆ ಆದಿ ಇದೆ, ಅಂತ್ಯ ಇದೆ, ನಡುವೆ ಉಸಿರಿದೆ. ಕೂಲಿಗೆ ಯಜಮಾನನ ಗಡಿಯಾರ ಮಾತ್ರ ಇದೆ. ಶಕ್ತಿಯ ಅರ್ಧ ಎಂದ ಸುಶ್ರುತನ ಅಳತೆ, ಸೊರಗಿದವರನ್ನು ಕಾಪಾಡು ಎಂದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಆ ತಾಯಿಗೆ ವಾಕಿಂಗ್ ಉಪದೇಶ ಬೇಡ. ನೆರಳು, ನೀರು, ಹೊಟ್ಟೆ ತುಂಬ ಊಟ, ಮಧ್ಯಾಹ್ನದ ಬಿಡುವು ಬೇಕು.

ಇನ್ನು ಮುಪ್ಪು. ‘ಅಜ್ಜಾ, ನೀ ಸುಮ್ನ ಕುಂದ್ರು’ ಎನ್ನುವುದು ನಮ್ಮಲ್ಲಿ ಗೌರವದ ಮಾತು. ಮಗ ಹೊಲ ನೋಡಿಕೊಂಡ, ಸೊಸೆ ಒಲೆ ನೋಡಿಕೊಂಡಳು, ಹಿರಿಯರು ಪಡಸಾಲೆ ಸೇರಿದರು. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಮರಿಯಾ ಫಿಯಾಟರೋನೆ ಎಂಬ ವೈದ್ಯೆ ಈ ಗೌರವಕ್ಕೆ ತದ್ವಿರುದ್ಧವಾದದ್ದನ್ನು ಮಾಡಿದರು. 86ರಿಂದ 96 ವರ್ಷದ ಹತ್ತು ಮಂದಿ ದುರ್ಬಲ ಹಿರಿಯರಿಂದ ಎಂಟು ವಾರ ಕಾಲಿನ ಭಾರ ಎತ್ತಿಸಿದರು. ಮುಗಿಸಿದವರ ತೊಡೆಯ ಬಲ ಸರಾಸರಿ ನೂರಕ್ಕೆ 174ರಷ್ಟು ಏರಿತ್ತು. ಇಬ್ಬರು ಊರುಗೋಲನ್ನೇ ಬಿಟ್ಟರು. 2014ರಲ್ಲಿ ಪ್ರಕಟವಾದ ‘ಲೈಫ್’ ಎಂಬ ಪ್ರಯೋಗದಲ್ಲಿ 70ರಿಂದ 89 ವರ್ಷದ 1,635 ಮಂದಿ ಇದ್ದರು. ಕ್ರಮವಾಗಿ ನಡಿಗೆ, ವ್ಯಾಯಾಮ ಮಾಡಿದವರಲ್ಲಿ ನಡೆಯುವ ಶಕ್ತಿ ಕಳೆದುಕೊಳ್ಳುವುದು ನೂರಕ್ಕೆ 18ರಷ್ಟು ತಗ್ಗಿತ್ತು. ಅಲ್ಲಿ ಸೋಲುಗೆಲುವಿನ ಅಳತೆಗೋಲು ಯಾವುದು ಗೊತ್ತೆ? 400 ಮೀಟರ್ ನಡೆಯಬಲ್ಲರೋ ಇಲ್ಲವೋ. ನಾನದನ್ನು ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ತಾನೇ ನಡೆದು ಹೋಗಬಲ್ಲ ಅಜ್ಜಿ, ಮಗನ ಬೈಕಿಗಾಗಿ ಕಾಯುವ ಅಜ್ಜಿ ಎಂದು ಓದಿಕೊಳ್ಳುತ್ತೇನೆ. ಬೆಂಗಳೂರಿನ ವಿವೇಕಾನಂದ ಯೋಗ ಸಂಶೋಧಕರು 2005ರಲ್ಲಿ ವೃದ್ಧಾಶ್ರಮವಾಸಿಗಳ ನಿದ್ದೆಯ ಬಗ್ಗೆ ಪ್ರಕಟಿಸಿದ ಪ್ರಯೋಗವೂ ಇದೇ ಸಾಲಿನದು: ಆರು ತಿಂಗಳ ಯೋಗಾಭ್ಯಾಸದಿಂದ ಅವರಿಗೆ ನಿದ್ದೆ ಬೇಗ ಹತ್ತಿತು, ಸುಮಾರು ಒಂದು ತಾಸು ಹೆಚ್ಚೂ ಬಂತು. ಹಿರಿಯರಿಗೆ ಗುಂಡಿಗೆಯ ಕಾಯಿಲೆಯೋ ಮೊಣಕಾಲ ನೋವೋ ಇದ್ದರೆ ವೈದ್ಯರನ್ನು ಕೇಳಿ ಶುರು ಮಾಡಬೇಕು, ಅದು ನಿಜ. ಆದರೆ ಶುರು ಮಾಡಬೇಕು.

ಲಂಡನ್ನಿನಲ್ಲಿ ಹೊರಟ ಈ ಇತಿಹಾಸ ಈಗ ನಮ್ಮ ಮನೆಬಾಗಿಲಿಗೆ ಬಂದಿದೆ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ತರುವ ಫಾರಮ್ಮಿನಲ್ಲಿ ತಂಬಾಕು, ಸೊಂಟದ ಸುತ್ತಳತೆ ಇವುಗಳ ಜತೆ, ವಾರಕ್ಕೆ 150 ನಿಮಿಷವಾದರೂ ದೈಹಿಕ ಚಟುವಟಿಕೆ ಇದೆಯೇ ಎಂಬ ಪ್ರಶ್ನೆಯಿದೆ. 60 ದಾಟಿದವರನ್ನು ನಿಂತಾಗ, ನಡೆವಾಗ ತೋಲ ತಪ್ಪುತ್ತದೆಯೇ ಎಂದೂ ಕೇಳುತ್ತಾರೆ. ಕೂಲಿ ಹೆಣ್ಣುಮಗಳು ಮೊದಲ ಪ್ರಶ್ನೆಗೆ ಹೌದು ಎಂದರೆ ಅಲ್ಲಿಗೆ ಮುಗಿಯಿತು, ಅವಳ ದಣಿವಿಗೆ ಆ ಸಾಲಿನಲ್ಲಿ ಖಾನೆಯಿಲ್ಲ. ಹನ್ನೆರಡರ ಹುಡುಗಿ ಆ ಫಾರಮ್ಮಿಗೇ ಸೇರುವುದಿಲ್ಲ.

ಬೆಟಗೇರಿಯ ಕೈಮಗ್ಗದವರನ್ನೂ ವಿದ್ಯುತ್ ಮಗ್ಗದವರನ್ನೂ, ಮುಂಡರಗಿಯ ಕೂಲಿಕಾರ್ತಿಯರನ್ನೂ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಶಾಲೆಯ ಹುಡುಗಿಯರನ್ನೂ ಹತ್ತಿಪ್ಪತ್ತು ವರ್ಷ ಬೆನ್ನುಹತ್ತಿ ಅಳೆಯುವ ಒಂದು ಅಧ್ಯಯನ ಇಲ್ಲಿಂದಲೇ ಏಳಬೇಕೆಂಬುದು ನನ್ನ ಆಸೆ. ಗದಗಿನಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ, ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಇದೆ, ಆಯುರ್ವೇದದ ಓದು ಇದೆ, ಮನೆಮನೆಯ ಗುರುತಿರುವ ಆಶಾ ಕಾರ್ಯಕರ್ತೆಯರಿದ್ದಾರೆ. ಮಾರಿಸ್ ಅವರ ಕೈಯಲ್ಲಿದ್ದದ್ದು ಸಾರಿಗೆ ಸಂಸ್ಥೆಯ ದಾಖಲೆ ಪುಸ್ತಕ ಮತ್ತು ದರ್ಜಿಯ ಅಳತೆ ಪಟ್ಟಿ.