ತಂದೆತಾಯಿಯರೂ ಮಕ್ಕಳ ವಿಶ್ವಾಸವೂ



ಮಗು ಮಾತು ಕಲಿಯುವುದು ವ್ಯಾಕರಣ ಪುಸ್ತಕ ಓದಿ ಅಲ್ಲ, ಮನೆಮಂದಿ ಆಡುವುದನ್ನು ಕೇಳಿ ಕೇಳಿ. ದೇವರಲ್ಲಿ ಇಡುವ ವಿಶ್ವಾಸವೂ ಹೀಗೆಯೇ ಮೂಡುತ್ತದೆ ಎಂಬುದು ಕಥೋಲಿಕ ಧರ್ಮಸಭೆಯ ನಂಬಿಕೆ. ಮಕ್ಕಳ ವಿಶ್ವಾಸವನ್ನು ರೂಪಿಸುವಲ್ಲಿ ಕಥೋಲಿಕ ತಂದೆತಾಯಿಯರ ಪಾತ್ರವೇನು ಎಂಬುದು ಇಂದಿನ ವಿಷಯ. ನಿಮ್ಮಲ್ಲಿ ಅನೇಕರು ಬೇರೆ ಧರ್ಮದವರಿರಬಹುದು. ಹಿರಿಯರು ಕೈಮುಗಿಯುವುದನ್ನು ನೋಡಿ ಬೆಳೆದವರಿಗೆಲ್ಲ ಈ ಮಾತು ಸ್ವಲ್ಪವಾದರೂ ಸಲ್ಲುತ್ತದೆ.

1962ರಿಂದ 1965ರವರೆಗೆ ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯಿತು. ಕುಟುಂಬವು ಮನೆಯೊಳಗಿನ ಧರ್ಮಸಭೆಯೇ ಎಂಬ ಅರ್ಥದ ಮಾತನ್ನು ಅದು 1964ರಲ್ಲಿ ಹೇಳಿತು. ಮಕ್ಕಳಿಗೆ ಮೊದಲ ಹಾಗೂ ಪ್ರಮುಖ ಶಿಕ್ಷಕರು ತಂದೆತಾಯಿಯರೇ ಎಂದು 1965ರಲ್ಲಿ ಸಾರಿತು. ಮಗುವಿನ ಜ್ಞಾನಸ್ನಾನದ ದಿನ, ಅದನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆ ನಿಮಗೆ ಅರ್ಥವಾಗಿದೆಯೇ ಎಂದು ಗುರುಗಳು ತಂದೆತಾಯಿಯರನ್ನು ಕೇಳುತ್ತಾರೆ. ಅವರು ಹೌದೆಂದು ಒಪ್ಪುತ್ತಾರೆ. ಭಾನುವಾರದ ಧರ್ಮೋಪದೇಶ ತರಗತಿ ಈ ಹೊಣೆಗೆ ಹೆಗಲು ಕೊಡುತ್ತದೆ. ಆದರೆ ಹೊಣೆ ತಂದೆತಾಯಿಯರದಾಗಿಯೇ ಉಳಿಯುತ್ತದೆ.

ಇದು ಮನೆಯಲ್ಲಿ ಹೇಗೆ ನಡೆಯುತ್ತದೆ? ನಮ್ಮ ಕರಾವಳಿಯ ಕೊಂಕಣಿ ಕಥೋಲಿಕರ ಮನೆಗಳನ್ನೇ ನೋಡಿ. ಸಂಜೆ ಎಲ್ಲರೂ ಸೇರಿ ಜಪಸರ ಪ್ರಾರ್ಥನೆ ಮಾಡುವುದು, ಮುಗಿದ ಮೇಲೆ ಮಕ್ಕಳು ಕೈಜೋಡಿಸಿ ಹಿರಿಯರ ಆಶೀರ್ವಾದ ಕೇಳುವುದು ಹಳೆಯ ರೂಢಿ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ಇಲ್ಲಿ ಅದು ಮೊಂತಿ ಹಬ್ಬ, ತೆನೆಹಬ್ಬವೂ ಹೌದು. ಹಬ್ಬದ ಹಿಂದಿನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ದೂರದೂರಿನಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಕಾಗದದಲ್ಲಿಟ್ಟು ಕಳಿಸಿದ ಅಮ್ಮಂದಿರಿದ್ದಾರೆ. ದೇವರು ಕೊಟ್ಟದ್ದನ್ನು ಹಂಚಿ ಉಣ್ಣಬೇಕೆಂಬ ಪಾಠವನ್ನು ಆ ನಾಲ್ಕು ಕಾಳು ಹೇಳುತ್ತದೆ.

ಮನೆಯ ಈ ಶಕ್ತಿಗೆ ಇತಿಹಾಸದ ಸಾಕ್ಷಿಯೂ ಇದೆ. ಜಪಾನಿನಲ್ಲಿ 1614ರಲ್ಲಿ ಕ್ರೈಸ್ತ ಧರ್ಮವನ್ನು ದೇಶವಿಡೀ ನಿಷೇಧಿಸಲಾಯಿತು. ಕಾಲಕ್ರಮದಲ್ಲಿ ಗುರುಗಳೇ ಇಲ್ಲವಾದರು. ನಾಗಸಾಕಿ ಸುತ್ತಮುತ್ತ ತಂದೆತಾಯಿಯರೂ ಹಳ್ಳಿಯ ಹಿರಿಯರೂ ಗುಟ್ಟಾಗಿ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದರು, ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ಕಲಿಸಿದರು. 1865ರ ಮಾರ್ಚ್ 17ರಂದು ಉರಕಾಮಿ ಗ್ರಾಮದ ಕೆಲವರು ನಾಗಸಾಕಿಯ ಓಉರಾ ಚರ್ಚಿಗೆ ಬಂದು, ತಮ್ಮದೂ ಅದೇ ವಿಶ್ವಾಸವೆಂದು ಫ್ರೆಂಚ್ ಗುರು ಪೆತಿಜಾನ್ ಅವರಿಗೆ ತಿಳಿಸಿದರು. ಮರಿಯಮ್ಮನವರ ಪ್ರತಿಮೆ ಎಲ್ಲಿದೆ ಎಂದು ಕೇಳಿದರು. ಸುಮಾರು 250 ವರ್ಷ ಆ ದೀಪ ಆರದಂತೆ ಕಾಪಾಡಿದ್ದು ಮನೆಗಳು.

ಈಗ ನನ್ನದೇ ಒಂದು ಅನುಭವ. ಒಂದು ಸಂಜೆ ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತಾ, "ಹೋಗಿ ಪ್ರಾರ್ಥನೆಗೆ ಕೂತುಕೋ" ಎಂದು ಮಗಳಿಗೆ ಗದರಿದೆ. ಅವಳಾಗ ಪಿ.ಯು.ಸಿ. ಓದುತ್ತಿದ್ದಳು. "ಪಪ್ಪಾ, ಪ್ರಾರ್ಥನೆ ಮಕ್ಕಳಿಗೆ ಮಾತ್ರವಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಎದ್ದು ಟಿ.ವಿ. ಆರಿಸಿ ಅವಳ ಪಕ್ಕ ಕೂತೆ. ಅಂದು ಪಾಠ ಕಲಿತವನು ನಾನು. ಅಪ್ಪ ನೆರೆಯವನೊಡನೆ ಮಾತು ಬಿಟ್ಟು, ಮನೆಗೆಲಸದವರನ್ನು ಹೀನಾಯವಾಗಿ ಕಂಡರೆ, ಅವನು ಹೇಳಿಕೊಡುವ ಜಪವನ್ನು ಮಗು ಎಷ್ಟು ನಂಬೀತು?

ಹಾಗಾದರೆ ಮಕ್ಕಳು ಪ್ರಶ್ನೆ ಕೇಳಬಾರದೇ? ಖಂಡಿತ ಕೇಳಬೇಕು. ವಿಶ್ವಾಸವನ್ನು ಯಾರ ಮೇಲೂ ಬಲವಂತವಾಗಿ ಹೇರಬಾರದೆಂದು ಅದೇ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು. ಪೋಪ್ ಫ್ರಾನ್ಸಿಸ್ ಕೂಡ 2016ರಲ್ಲಿ ಕುಟುಂಬ ಕುರಿತ ತಮ್ಮ ಪತ್ರದಲ್ಲಿ, ಮಕ್ಕಳ ಹೆಜ್ಜೆಹೆಜ್ಜೆಯ ಮೇಲೂ ಕಣ್ಗಾವಲಿಡುವುದು ಶಿಕ್ಷಣವಾಗದೆಂದು ಎಚ್ಚರಿಸಿದರು. ತಂದೆತಾಯಿಯರು ಬೀಜ ಬಿತ್ತಬಹುದು, ನೀರೆರೆಯಬಹುದು. ಮೊಳಕೆಯನ್ನು ಹಿಡಿದೆಳೆದು ಬೆಳೆಸಲಾಗದು. ಮಗ ಅಥವಾ ಮಗಳು ಪೂಜೆಗೆ ಬರುವುದಿಲ್ಲವೆಂದಾಗ ಬಾಗಿಲು ಮುಚ್ಚುವ ಬದಲು, ಏಕೆಂದು ಕೇಳಿ ತಾಳ್ಮೆಯಿಂದ ಆಲಿಸುವುದೂ ವಿಶ್ವಾಸದ ಪಾಠವೇ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. ನಿಮ್ಮ ತಂದೆತಾಯಿಯರು ಪರಿಪೂರ್ಣರಲ್ಲ. ಇಂದು ರಾತ್ರಿ ಊಟಕ್ಕೆ ಕೂತಾಗ, ಕಷ್ಟಕಾಲದಲ್ಲಿ ಅವರಿಗೆ ಧೈರ್ಯ ಕೊಟ್ಟದ್ದು ಯಾವುದೆಂದು ಕೇಳಿ ನೋಡಿ. ಧರ್ಮೋಪದೇಶದ ಪುಸ್ತಕದಲ್ಲಿ ಸಿಗದ ಉತ್ತರ ಅಲ್ಲಿ ಸಿಕ್ಕೀತು. ಅದನ್ನು ಒಪ್ಪುವುದೂ ಬಿಡುವುದೂ ನಿಮ್ಮ ವಿವೇಚನೆಗೆ ಸೇರಿದ್ದು. ಮೊದಲು ಕೇಳಿಸಿಕೊಳ್ಳಿ.