ಊರು ಒಂದೇ, ಎಲ್ಲೆಗಳು ಹಲವು



ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಹಿರಿಯರನ್ನು ನೆನೆಯುವ ನಾವು, ಅವರು ಬಾಳಿದ ನೆಲದ ಎಲ್ಲೆಕಟ್ಟುಗಳ ಚರಿತ್ರೆಯನ್ನೂ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

1347ರಲ್ಲಿ ಕಲಬುರಗಿಯು ಬಹಮನಿ ರಾಜಧಾನಿಯಾಯಿತು. ಮುಂದೆ ರಾಜ್ಯವನ್ನು ನಾಲ್ಕು ತರಫುಗಳಾಗಿ ವಿಂಗಡಿಸಿದಾಗ ಅವುಗಳಲ್ಲೊಂದಕ್ಕೆ ಇದೇ ಕೇಂದ್ರ. ನಿಜಾಮರ ಕಾಲದಲ್ಲಿ ಸುಭಾದ ಕೇಂದ್ರವೂ ಆಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಆ ರಾಜ್ಯ ಮೂರು ಪಾಲಾಗಿ, ಕಲಬುರಗಿ, ಬೀದರ, ರಾಯಚೂರುಗಳ ಕನ್ನಡ ಸೀಮೆ ಮೈಸೂರು ರಾಜ್ಯವನ್ನು ಸೇರಿತು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಕಲಬುರಗಿ ತಾಲೂಕಿನಲ್ಲಿದ್ದ ಕಮಲಾಪುರವೂ ಪ್ರತ್ಯೇಕ ತಾಲೂಕಾಗಿದೆ.

ಕಮಲಾಪುರಕ್ಕೆ ಹೋಗುವ ಹುಮನಾಬಾದ ರಸ್ತೆಯಲ್ಲಿದೆ ನಮ್ಮ ಕಪನೂರ. ಇಂದು ಅದು ಕೈಗಾರಿಕಾ ಪ್ರದೇಶವೆಂದು ಹೆಸರಾಗಿದೆ. ಬೆಳೆಯುತ್ತ ಬಂದ ನಗರ ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. 1948ಕ್ಕೆ ಮುನ್ನ ಅಲ್ಲಿ ಹುಟ್ಟಿ ಅಲ್ಲಿಯೇ ಬಾಳಿದವರು, ಮನೆಯ ಹೊಸ್ತಿಲನ್ನು ಬದಲಿಸದೆಯೇ ಹೈದರಾಬಾದ್, ಮೈಸೂರು, ಕರ್ನಾಟಕ ಎಂಬ ಮೂರು ರಾಜ್ಯಗಳನ್ನು ಕಂಡರು!

ಇದು ಬರಿಯ ಹೆಸರುಗಳ ಮಾತಲ್ಲ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯು ಈ ಸೀಮೆಯ ಮಕ್ಕಳಿಗೆ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಗೆ ದಾರಿ ಮಾಡಿದೆ. ಆದರೆ ತಾವು ಈ ಸೀಮೆಯವರೆಂಬುದನ್ನು ಅವರು ಕಾಗದದಿಂದ ತೋರಿಸಬೇಕು. ಆದುದರಿಂದ ಅಜ್ಜಂದಿರ ಹಳೆಯ ಪಹಣಿಗಳನ್ನೂ ಶಾಲೆಯ ದಾಖಲೆಗಳನ್ನೂ ಹಳೆಯ ಹೆಸರಿದೆಯೆಂದು ಬಿಸಾಡದಿರೋಣ. ಹೊಲಗಳ, ಬಾವಿಗಳ, ಓಣಿಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡೋಣ. ಎಲ್ಲೆಗಳನ್ನು ಸರಕಾರಗಳು ಬರೆಯುತ್ತವೆ; ಊರಿನ ನೆನಪನ್ನು ನಾವೇ ಬರೆದಿಡಬೇಕು.